‘ಚಾರ್ಲಿ ಚಾನ್ ಅಟ್ ದಿ ಒಪೇರಾ’: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಪ್ಪುಬಿಳುಪು ಪತ್ತೇದಾರಿ ಸಿನಿಮಾಗಳ ಹುಚ್ಚು ನನಗೆ. ಈ ಒಂದು ಸಿನಿಮಾ ಬಗ್ಗೆ ಗೆಳೆಯರ ಹತ್ತಿರ ಮಾತಾಡಿದಾಗೆಲ್ಲ ಬರೋದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳು. ಕೊಲೆಗಾರ ಯಾರು ಅನ್ನೋ ಉತ್ತರ ಒಂದೇ ಕಡೆ ಇದೆ. ಅಲ್ಲಿ ಮೊದಲೇ ಎಚ್ಚರಿಸಿದ್ದೇನೆ. ಉಳಿದದ್ದನ್ನು ಸಿನಿಮಾ ನೋಡುವ ಮುಂಚೆಯೂ ಓದಬಹುದು.

ಇದು ಯಾವ ಸಿನಿಮಾ?

1936ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ತೆಗೆದದ್ದು. ಅವಧಿ ಒಂದು ಗಂಟೆಯ ಮೇಲೆ ಏಳೆಂಟು ನಿಮಿಷ, ಅಷ್ಟೆ. ನಿರ್ದೇಶಕ ಎಚ್. ಬ್ರೂಸ್ ಹಂಬರ್‌ಸ್ಟೋನ್. ಪತ್ತೇದಾರ ಚಾರ್ಲಿ ಚಾನ್ ಪಾತ್ರದಲ್ಲಿ ವಾರ್ನರ್ ಓಲಂಡ್. ನೆನಪು ಕಳೆದುಕೊಂಡ ಒಪೇರಾ ಗಾಯಕ ಗ್ರಾವೆಲ್ ಪಾತ್ರದಲ್ಲಿ ಬೋರಿಸ್ ಕಾರ್ಲಾಫ್. (ಒಪೇರಾ ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ರಂಗನಾಟಕ.) ಶುರುವಿನ ಹೆಸರುಪಟ್ಟಿಯಲ್ಲೇ ‘ವಾರ್ನರ್ ಓಲಂಡ್ ವರ್ಸಸ್ ಬೋರಿಸ್ ಕಾರ್ಲಾಫ್’ ಅಂತ ಹಾಕಿದ್ದಾರೆ. ಕುಸ್ತಿ ಪಂದ್ಯದ ಪೋಸ್ಟರ್ ಥರ. ಅಸಲಿಗೆ ಇಬ್ಬರೂ ಎದುರುಬದುರು ನಿಂತು ಸೆಣಸುವುದೇನೂ ಇಲ್ಲ. ಜನರನ್ನು ಟಾಕೀಸಿಗೆ ಎಳೆಯೋಕೆ ಮಾಡಿದ ಉಪಾಯ ಅದು.

ಆಗಿನ ಕಾಲದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಒಂದು ದೊಡ್ಡದು, ಇನ್ನೊಂದು ಜೊತೆಗೆ ಓಡಿಸುವ ಚಿಕ್ಕದು. ಈ ಚಿಕ್ಕದಕ್ಕೆ ಬಿ ಪಿಕ್ಚರ್ ಅನ್ನುತ್ತಿದ್ದರು. ಚಾನ್ ಸಿನಿಮಾಗಳು ಆ ಜಾತಿಯವು. ಕಡಿಮೆ ದುಡ್ಡು, ಕಡಿಮೆ ದಿನ. ಈ ಸಂಗತಿ ತಲೆಯಲ್ಲಿರಲಿ, ಮುಂದೆ ಬರುವ ಬಹಳಷ್ಟು ಉತ್ತರಗಳಿಗೆ ಇದೇ ಬುಡ.

ಗುಟ್ಟು ಬಿಡದೆ ಕಥೆ ಹೇಳಿ ನೋಡೋಣ?

ಮಳೆ, ಸಿಡಿಲು. ಒಂದು ಮಾನಸಿಕ ಆಸ್ಪತ್ರೆ. ಒಳಗೆ ಒಬ್ಬ ಪಿಯಾನೊ ಮುಂದೆ ಕೂತು ಗಂಟಲು ತೆರೆದು ಹಾಡುತ್ತಿದ್ದಾನೆ. ಅವನು ಯಾರು ಅಂತ ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆಮೇಲೆ ಪೇಪರಿನಲ್ಲಿ ಒಬ್ಬ ಒಪೇರಾ ಗಾಯಕಿಯ ಫೋಟೊ ಕಣ್ಣಿಗೆ ಬೀಳುತ್ತದೆ. ಹೆಸರು ಲಿಲ್ಲಿ ರೋಷೆಲ್. ಅವನ ಮುಖ ನಿಧಾನಕ್ಕೆ ಬದಲಾಗುತ್ತದೆ. ಮಾತೇ ಇಲ್ಲ, ಕಣ್ಣಲ್ಲೇ ಎಲ್ಲ. ಅವನೂ ಒಂದು ಕಾಲದ ಹೆಸರಾಂತ ಗಾಯಕ, ಅವಳು ಅವನ ಹೆಂಡತಿ. ಥಿಯೇಟರಿಗೆ ಬೆಂಕಿ ಬಿದ್ದ ದಿನ ಅವನನ್ನು ಒಳಗೆ ಕೂಡಿಹಾಕಿ ಸಾಯೋಕೆ ಬಿಟ್ಟಿದ್ದರು. ಲೋಕದ ಲೆಕ್ಕದಲ್ಲಿ ಅವನು ಸತ್ತಿದ್ದಾನೆ.

ಕಾವಲಿನವನನ್ನು ಹೊಡೆದು ಬೀಳಿಸಿ ಅವನು ಪರಾರಿ. ಇತ್ತ ರೋಷೆಲ್‌ಗೆ ಕೊಲೆ ಬೆದರಿಕೆ ಬರುತ್ತದೆ, ಪೊಲೀಸರಿಗೆ ದೂರು ಹೋಗುತ್ತದೆ. ಇನ್ನೇನು ಊರಿಗೆ, ಅಂದರೆ ಹೊನೊಲುಲುಗೆ ಹೊರಡಬೇಕಿದ್ದ ಚಾನ್ ಅಲ್ಲಿಗೆ ಸಿಕ್ಕಿಕೊಳ್ಳುತ್ತಾನೆ. ರಾತ್ರಿ ಆಟ ಶುರುವಾಗುತ್ತದೆ. ಗ್ರಾವೆಲ್ ರಂಗದ ಹಿಂದಿನ ಕತ್ತಲಲ್ಲಿ ಎಲ್ಲೋ ಇದ್ದಾನೆ. ಆಮೇಲೆ ಒಂದಲ್ಲ, ಎರಡು ಹೆಣ ಬೀಳುತ್ತವೆ.

ಇದನ್ನು ಮ್ಯೂಸಿಕಲ್ ಅನ್ನಬಹುದಾ?

ಅರ್ಧ ಅನ್ನಬಹುದು. ಹೀರೊ ಹೀರೊಯಿನ್ ಹಾದೀಲಿ ಹೋಗ್ತಾ ಹಾಡು ಶುರು ಮಾಡುವ ಸಿನಿಮಾ ಇದಲ್ಲ. ಇಲ್ಲಿ ಹಾಡು ಇರೋದು ಒಪೇರಾ ರಂಗದ ಮೇಲೆ, ಮತ್ತೆ ಗ್ರಾವೆಲ್ ಬಾಯಲ್ಲಿ. ಆದರೆ ಹಾಡು ತೆಗೆದರೆ ಕಥೆಯೇ ಉಳಿಯೋದಿಲ್ಲ. ಕೊಲೆಯ ಸಮಯ, ಯಾರು ಯಾವಾಗ ರಂಗದ ಮೇಲಿದ್ದರು, ಯಾರು ಗ್ರೀನ್ ರೂಮಿನಲ್ಲಿದ್ದರು, ಎಲ್ಲದಕ್ಕೂ ಒಪೇರಾದ ದೃಶ್ಯಗಳೇ ಗಡಿಯಾರ.

ಅದರಲ್ಲಿ ಬರುವ ‘ಕಾರ್ನಿವಲ್’ ನಿಜವಾದ ಒಪೇರಾನಾ?

ಅಲ್ಲ. ಈ ಸಿನಿಮಾಕ್ಕೆ ಅಂತಲೇ ಹೊಸೆದದ್ದು. ನನಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ.

ಸಂಗೀತ ಬರೆದವನು ಆಸ್ಕರ್ ಲೆವಂಟ್. ಪಿಯಾನೊ ವಾದಕ, ಅಮೆರಿಕದ ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್‌ನ ಆಪ್ತ ಗೆಳೆಯ, ಹರಿತವಾದ ನಾಲಿಗೆಯ ಮನುಷ್ಯ. ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ನೋಡಿದವರಿಗೆ ಮುಖ ನೆನಪಿರಬಹುದು. ಸಿಗರೇಟು ಸೇದುತ್ತಾ ಕೂರುವ ಪಿಯಾನೊದವನು, ಅವನೇ. ಈ ಒಪೇರಾ ಹುಟ್ಟಿದ ಕಥೆಯನ್ನು ಅವನೇ 1940ರ ತನ್ನ ಪುಸ್ತಕದಲ್ಲಿ ನಗುತ್ತಾ ಬರೆದುಕೊಂಡಿದ್ದಾನೆ. ಕಂಪನಿ ಹಿಂದಿನ ವರ್ಷ ಲಾರೆನ್ಸ್ ಟಿಬ್ಬೆಟ್ ಎಂಬ ದೊಡ್ಡ ಒಪೇರಾ ಗಾಯಕನನ್ನು ಹಾಕಿಕೊಂಡು ‘ಮೆಟ್ರೊಪಾಲಿಟನ್’ ಅಂತ ಸಿನಿಮಾ ಮಾಡಿತ್ತು. ಅದಕ್ಕೆ ಹೊಲಿಸಿದ್ದ ಮೆಫಿಸ್ಟೊಫೆಲಿಸ್ ಎಂಬ ಸೈತಾನನ ವೇಷ ಉಗ್ರಾಣದಲ್ಲಿ ಬಿದ್ದಿತ್ತು. ಅಷ್ಟು ದುಡ್ಡು ಸುರಿದು ಹೊಲಿಸಿದ ಬಟ್ಟೆ, ಸುಮ್ನೆ ಬಿಡೋಕಾಗುತ್ತಾ? ಈ ವೇಷ ಹಾಕಿಕೊಂಡು ಹಾಡುವಂಥ ಒಂದು ಒಪೇರಾ ಬರಿ ಅಂತ ಲೆವಂಟ್‌ಗೆ ಹೇಳಿದರು.

ಅಂದರೆ ಅಂಗಿ ಮೊದಲು, ಆಮೇಲೆ ಒಪೇರಾ. ದುಡ್ಡು ಉಳಿಸುವ ಜಾಣತನ ಯಾವ ದೇಶದ ಸಿನಿಮಾ ಕಂಪನಿಗೂ ಹೊಸದಲ್ಲ ಬಿಡಿ.

ಮಾತುಗಳನ್ನು ವಿಲಿಯಂ ಕರ್ನೆಲ್ ಇಂಗ್ಲಿಷಿನಲ್ಲಿ ಬರೆದ. ಒಪೇರಾ ಅಂದ ಮೇಲೆ ಇಟಾಲಿಯನ್ ಇದ್ದರೇನೇ ಕಳೆ ಅಂತ ಅದನ್ನು ಇಟಾಲಿಯನ್ನಿಗೆ ತಿರುಗಿಸಿದರು. ಆ ಹೊತ್ತಿಗೆ ಲೆವಂಟ್ ಲಾಸ್ ಏಂಜಲೀಸ್‌ನಲ್ಲಿ ಅರ್ನಾಲ್ಡ್ ಷೋನ್‌ಬರ್ಗ್ ಹತ್ತಿರ ಸಂಗೀತ ಕಲಿಯುತ್ತಿದ್ದ. ಇಪ್ಪತ್ತನೇ ಶತಮಾನದ ಪಾಶ್ಚಾತ್ಯ ಸಂಗೀತದ ದಿಕ್ಕು ಬದಲಿಸಿದ ಗುರು ಆತ. ಅಲ್ಲಿ ಆ ಪಾಠ, ಇಲ್ಲಿ ಉಗ್ರಾಣದ ವೇಷಕ್ಕೆ ಒಪೇರಾ! ಸೈನಿಕರ ಮಾರ್ಚ್ ಬರುವಾಗ ಕಿವಿಗೊಟ್ಟು ಕೇಳಿ. ಹೊಟ್ಟೆಪಾಡಿಗೆ ಬರೆದದ್ದು ಅನ್ನಿಸೋದೇ ಇಲ್ಲ. ಕೈ ಚಳಕ ಇರುವವನು ಬರೆದದ್ದು ಅಂತ ಗೊತ್ತಾಗಿಬಿಡುತ್ತದೆ.

ಕಾರ್ಲಾಫ್ ತಾನೇ ಹಾಡಿದ್ದಾ?

ಇಲ್ಲ. ದನಿ ಟ್ಯೂಡರ್ ವಿಲಿಯಮ್ಸ್‌ನದು. ನಾಯಕಿಯ ಪಾತ್ರದ ಮಾರ್ಗರೆಟ್ ಅರ್ವಿಂಗ್ ಹಾಡಿದಂತೆ ಕಾಣುವುದೂ ಝರೂಹಿ ಎಲ್ಮಾಸಿಯನ್ ಎಂಬವಳ ಕಂಠ. ಹಿನ್ನೆಲೆ ಗಾಯನ ಅಂದರೆ ನಮಗೆ ನೀರು ಕುಡಿದಷ್ಟು ಸಹಜ, ಹಾಗಾಗಿ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದು ಆಗಿನ್ನೂ ಎರಡೇ ವರ್ಷ. ಇಲ್ಲಿ ನಟರೇ ಹಾಡಬೇಕಿದ್ದ ಕಾಲ ಅದು.

ಕಾರ್ಲಾಫ್‌ನ ಬಾಯಿ ಗಮನಿಸಿ. ತುಟಿ ಅಲ್ಲಾಡಿಸಿ ಕೈ ತೊಳೆದುಕೊಂಡಿಲ್ಲ ಅವನು. ಎದೆ ಏರುತ್ತದೆ, ಕತ್ತಿನ ನರ ಉಬ್ಬುತ್ತದೆ, ಉದ್ದ ಸ್ವರ ಹಿಡಿದಾಗ ಹುಬ್ಬು ಮೇಲೆ ಹೋಗುತ್ತದೆ. ಬೇರೆಯವರ ದನಿಗೆ ಮೈ ಕೊಡೋದು ಅಂದರೆ ಹೀಗೆ. ಮೊದಲ ಸಲ ನೋಡಿದಾಗ ನಾನು ಪೂರ್ತಿ ನಂಬಿದ್ದೆ.

ಕಾರ್ಲಾಫ್ ಅಂದ್ರೆ ಫ್ರಾಂಕನ್‌ಸ್ಟೈನ್ ಸಿನಿಮಾದ ಭೂತ ಅಲ್ವಾ?

ಅವನೇ. 1931ರ ಆ ಸಿನಿಮಾದಿಂದ ಅವನ ಮುಖ ಮನೆಮಾತಾಗಿತ್ತು. ಇಲ್ಲಿ ಅದನ್ನೇ ಹಿಡಿದು ಒಂದು ತಮಾಷೆ ಇಟ್ಟಿದ್ದಾರೆ. ರಂಗದ ವ್ಯವಸ್ಥೆ ನೋಡುವ ಗಾಬರಿ ಸ್ವಭಾವದ ಮನುಷ್ಯ ಒಬ್ಬನಿದ್ದಾನೆ, ಪಾತ್ರ ಮಾಡಿದವನು ಮಾರಿಸ್ ಕ್ಯಾಸ್. ಫ್ರಾಂಕನ್‌ಸ್ಟೈನೇ ಒಳಗೆ ನಡೆದು ಬಂದರೂ ಈ ರಾತ್ರಿ ಆಟ ನಿಲ್ಲೋದಿಲ್ಲ ಅಂತ ಅವನು ಕೂಗಾಡುತ್ತಾನೆ. ಕಾರ್ಲಾಫ್ ಆಗ ಅದೇ ಕಟ್ಟಡದಲ್ಲಿ ಅಡಗಿದ್ದಾನೆ.

ಅವನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ರಷ್ಯಾದ ಹೆಸರಿನಂತಿರೋದು ವೇಷಕ್ಕೆ ಇಟ್ಟುಕೊಂಡದ್ದು. ಅಪ್ಪ ಬ್ರಿಟಿಷ್ ಸರ್ಕಾರದ ಕೈಕೆಳಗೆ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ. ತಾಯಿಯ ಕಡೆಯಿಂದ ಅವನ ಅಜ್ಜಿ ಮತ್ತು ಸಯಾಮ್ (ಈಗಿನ ಥಾಯ್ಲೆಂಡ್) ರಾಜನ ಮಕ್ಕಳಿಗೆ ಪಾಠ ಹೇಳಿದ ಆ್ಯನಾ ಲಿಯೊನೊವೆನ್ಸ್ ಅಕ್ಕತಂಗಿಯರು. ಆ್ಯನಾ ಹುಟ್ಟಿದ್ದು ಅಹಮದ್‌ನಗರದಲ್ಲಿ. ಇವನ ಕಂದು ಮೈಬಣ್ಣಕ್ಕೂ ಈ ಕಡೆಯ ರಕ್ತಕ್ಕೂ ಸಂಬಂಧ ಕಟ್ಟುವವರಿದ್ದಾರೆ. ಆದರೆ ಹಾಲಿವುಡ್ ಮಾತ್ರ ಅವನನ್ನು ಯಾವ ದೇಶದವನನ್ನಾಗಿ ಬೇಕಾದರೂ ಮಾಡಿತು.

ವಾರ್ನರ್ ಓಲಂಡ್ ಚೀನಾದವನಾ?

ಅಲ್ಲ, ಸ್ವೀಡನ್ನಿನವನು. 1879ರಲ್ಲಿ ಉತ್ತರ ಸ್ವೀಡನ್ನಿನ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದ. 1927ರ ‘ದಿ ಜಾಝ್ ಸಿಂಗರ್’ನಲ್ಲಿ ಯಹೂದಿ ಅಪ್ಪನ ಪಾತ್ರ ಇವನದೇ. ಆಮೇಲೆ ಫು ಮಾಂಚು ಎಂಬ ದುಷ್ಟ ಚೀನೀಯನ ಪಾತ್ರ. ಆಮೇಲೆ 1931ರಿಂದ ಒಳ್ಳೆಯ ಚೀನೀಯ ಚಾರ್ಲಿ ಚಾನ್. ಒಟ್ಟು ಹದಿನಾರು ಚಾನ್ ಸಿನಿಮಾ ಮಾಡಿದ, ಇದು ಹದಿಮೂರನೆಯದು.

ತಮಾಷೆ ನೋಡಿ. ಕಾರ್ಲಾಫ್ ಕೂಡ 1932ರಲ್ಲಿ ಫು ಮಾಂಚು ಆಗಿದ್ದ. ಅಂದರೆ ‘ಓಲಂಡ್ ವರ್ಸಸ್ ಕಾರ್ಲಾಫ್’ ಅಂದಾಗ ಇಬ್ಬರು ಮಾಜಿ ಫು ಮಾಂಚುಗಳು ಎದುರಾದಂತೆ. ಇನ್ನೂ ಇದೆ. 1938ರಿಂದ ಮೊನೊಗ್ರಾಮ್ ಎಂಬ ಬಡ ಕಂಪನಿಗೆ ಕಾರ್ಲಾಫ್ ಮಿಸ್ಟರ್ ವಾಂಗ್ ಎಂಬ ಚೀನೀ ಪತ್ತೇದಾರನೂ ಆದ.

ಹಾಗೆ ನೋಡಿದರೆ ಈ ಸಿನಿಮಾದಲ್ಲಿ ಯಾವುದೂ ಅವರವರದಲ್ಲ. ವೇಷ ಟಿಬ್ಬೆಟ್‌ನದು, ದನಿ ವಿಲಿಯಮ್ಸ್‌ನದು, ಇಟಾಲಿಯನ್ ಮಾತು ಇಂಗ್ಲಿಷಿನದು, ಚೀನೀ ಮುಖ ಸ್ವೀಡನ್ನಿನದು. ಕಥೆಯೂ ಅದೇ: ಒಬ್ಬ ಇನ್ನೊಬ್ಬನ ವೇಷ ಹಾಕಿಕೊಂಡು ಅವನ ಪಾತ್ರವನ್ನು ಹಾಡಿಬಿಡುತ್ತಾನೆ. ಬರೆದವರು ಇದನ್ನು ಯೋಚಿಸಿ ಮಾಡಿದ್ದಲ್ಲ ಅಂತ ನನ್ನ ಅಂದಾಜು. ಎರವಲು ತಂದೇ ಅಡುಗೆ ಮಾಡುವ ಮನೆಯಲ್ಲಿ ಊಟಕ್ಕೂ ಆ ರುಚಿ ಬಂದಿದೆ.

ಈಗ ನೋಡಿದರೆ ಮುಜುಗರ ಆಗೋದಿಲ್ವಾ?

ಆಗುತ್ತದೆ. ಆಗಲೂಬೇಕು. ಓಲಂಡ್ ತೊದಲುವಂತೆ, ಪದ ನುಂಗಿ ಮಾತಾಡುವ ಇಂಗ್ಲಿಷ್, ಮಾತುಮಾತಿಗೂ ಒಂದು ಗಾದೆ, ಬಾಗಿ ಬಾಗಿ ನಮಸ್ಕಾರ. ಚೀನಾದವರು ಹೀಗೇ ಇರ್ತಾರೆ ಅಂತ ಬಿಳಿಯರು ಅಂದುಕೊಂಡ ಮೂರ್ತಿ ಅದು. 2003ರಲ್ಲಿ ಅಮೆರಿಕದ ಒಂದು ಸಿನಿಮಾ ಚಾನೆಲ್ ಚಾನ್ ಸಿನಿಮಾಗಳನ್ನು ಹಾಕಲು ಹೊರಟಾಗ ಏಷ್ಯಾ ಮೂಲದ ಸಂಘಟನೆಗಳು ವಿರೋಧಿಸಿದವು. ಚಾನೆಲ್ ನಿಲ್ಲಿಸಿತು. ಆಮೇಲೆ ಚರ್ಚೆಯ ಕಾರ್ಯಕ್ರಮ ಸೇರಿಸಿ ತೋರಿಸಿತು.

ಈ ಸಿನಿಮಾದಲ್ಲಿ ವಿಲಿಯಂ ಡೆಮರೆಸ್ಟ್ ಮಾಡಿದ ಕೆಲ್ಲಿ ಎಂಬ ಸಾರ್ಜೆಂಟ್ ಚಾನ್‌ನನ್ನು ‘ಚಾಪ್ ಸೂಯ್’ ಅಂತ ಚೀನೀ ತಿನಿಸಿನ ಹೆಸರು ಹಿಡಿದು ಆಡಿಕೊಳ್ಳುತ್ತಾನೆ. ನಮ್ಮನ್ನು ಉತ್ತರದ ಕಡೆ ‘ಇಡ್ಲಿ’ ಅಂತ ಕರೆದರೆ ಹೇಗಿರುತ್ತೆ, ಹಾಗೆ. ಸಿನಿಮಾ ಇಲ್ಲಿ ಕೆಲ್ಲಿಯ ಪರ ಇಲ್ಲ. ದಡ್ಡ ಆಗೋದು ಅವನೇ, ಪ್ರತಿ ಸಲವೂ. ಕೊನೆಗೆ ಬಾಯಿ ಮುಚ್ಚಿಕೊಂಡು ಚಾನ್‌ನ ಬುದ್ಧಿಗೆ ತಲೆದೂಗುತ್ತಾನೆ. 1936ರ ಹಾಲಿವುಡ್ಡಿನಲ್ಲಿ ಬಿಳಿ ಪೊಲೀಸರೆಲ್ಲ ಒಬ್ಬ ಚೀನೀಯನ ಬಾಯಿ ನೋಡುತ್ತಾ ನಿಲ್ಲುವುದು ಸಣ್ಣ ಮಾತಲ್ಲ. ಅದೇ ವರ್ಷ ಓಲಂಡ್ ಶಾಂಘಾಯ್‌ಗೆ ಹೋದಾಗ ಅಲ್ಲಿನ ಜನ ಸಂತೋಷದಿಂದಲೇ ಬರಮಾಡಿಕೊಂಡರು.

ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡೋದು ಬೇಡ.

ಚಾನ್ ಅನ್ನುವವನು ನಿಜವಾಗಿ ಇದ್ದನಾ?

ಅರ್ಲ್ ಡೆರ್ ಬಿಗ್ಗರ್ಸ್ 1925ರಿಂದ 1932ರ ತನಕ ಆರು ಕಾದಂಬರಿ ಬರೆದ, ಚಾನ್ ಅದರಲ್ಲಿ ಹುಟ್ಟಿದವನು. ಹೊನೊಲುಲು ಪೊಲೀಸಿನಲ್ಲಿ ಚಾಂಗ್ ಅಪಾನಾ ಎಂಬ ಚೀನೀ ಮೂಲದ ಪತ್ತೇದಾರ ನಿಜವಾಗಿಯೂ ಇದ್ದ. ಅವನು ಪಿಸ್ತೂಲಿನ ಬದಲು ಚಾವಟಿ ಹಿಡಿದು ಓಡಾಡುತ್ತಿದ್ದ. ಕಾದಂಬರಿಯ ಚಾನ್ ದಪ್ಪಗಿನ, ನಿಧಾನಿ, ಮಕ್ಕಳೊಂದಿಗ. ಹೋಲಿಕೆ ಜಾಸ್ತಿ ಇಲ್ಲ. ‘ಅಟ್ ದಿ ಒಪೇರಾ’ ಯಾವ ಕಾದಂಬರಿಯಿಂದಲೂ ತೆಗೆದದ್ದಲ್ಲ, ಸಿನಿಮಾಕ್ಕೇ ಬರೆದ ಕಥೆ.

ನಡುವೆ ಒಂದು ಮಷೀನಿನಲ್ಲಿ ಫೋಟೊ ಬರುತ್ತಲ್ಲ, ಅದೇನು?

ವೈರ್‌ಫೋಟೊ. ಆಗ ತಾನೇ ಬಂದ ಹೊಸ ಬೆರಗು. ಅಸೋಸಿಯೇಟೆಡ್ ಪ್ರೆಸ್ ಈ ಸೇವೆ ಶುರು ಮಾಡಿದ್ದು 1935ರ ಜನವರಿ 1ಕ್ಕೆ. ಫೋಟೊವನ್ನು ಒಂದು ಉರುಳೆಗೆ ಸುತ್ತುತ್ತಾರೆ. ಉರುಳೆ ತಿರುಗುತ್ತದೆ, ಸಣ್ಣ ಬೆಳಕಿನ ಚುಕ್ಕಿ ಅದರ ಮೇಲೆ ಗೆರೆಗೆರೆಯಾಗಿ ಹಾಯುತ್ತದೆ. ಬಿಳಿ ಜಾಗದಲ್ಲಿ ಬೆಳಕು ಜಾಸ್ತಿ ಹಿಂದಿರುಗುತ್ತದೆ, ಕಪ್ಪಿನಲ್ಲಿ ಕಡಿಮೆ. ಆ ಏರಿಳಿತ ಕರೆಂಟ್ ಆಗಿ ಟೆಲಿಫೋನ್ ತಂತಿಯಲ್ಲಿ ಹೋಗುತ್ತದೆ. ಆ ಕಡೆ ಇನ್ನೊಂದು ಉರುಳೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ, ಅದಕ್ಕೆ ಸುತ್ತಿದ ಫಿಲ್ಮಿನ ಮೇಲೆ ಬೆಳಕು ಬಿದ್ದು ಅದೇ ಚಿತ್ರ ಮೂಡುತ್ತದೆ.

ಚಾನ್ ಇದನ್ನು ಬಳಸಿ ಗ್ರಾವೆಲ್ ಯಾರು ಅನ್ನೋದನ್ನು ಪತ್ತೆ ಹಚ್ಚುತ್ತಾನೆ. ಕಥೆ ಓಡುತ್ತಿರುವಾಗ ಸುಮ್ಮನೆ ಮಷೀನು ತೋರಿಸುತ್ತಾ ಕೂತಿದ್ದಾರೆ ಅನ್ನಿಸಬಹುದು. ಆಗಿನ ಜನಕ್ಕೆ ಅದೇ ದೊಡ್ಡ ಆಕರ್ಷಣೆ. ನಾವು ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸಿ ಎರಡು ಗೆರೆ ನೀಲಿಯಾಗೋದಕ್ಕೆ ಕಾಯ್ತೀವಲ್ಲ, ಅದರ ಮುತ್ತಾತ ಇದು.

ಒಪೇರಾ ಗೊತ್ತಿಲ್ಲದಿದ್ದರೆ ಅರ್ಥ ಆಗುತ್ತಾ?

ಧಾರಾಳವಾಗಿ. ರಂಗದ ಮೇಲೆ ಏನು ಹಾಡ್ತಾ ಇದ್ದಾರೆ ಅನ್ನೋದು ಮುಖ್ಯ ಅಲ್ಲ, ಮುಖವಾಡದ ಹಿಂದೆ ಯಾರಿದ್ದಾರೆ ಅನ್ನೋದು ಮುಖ್ಯ.

ಮಕ್ಕಳ ಜೊತೆ ನೋಡಬಹುದಾ?

ಹತ್ತು ವರ್ಷ ದಾಟಿದವರ ಜೊತೆ ಪರವಾಗಿಲ್ಲ. ರಕ್ತಪಾತ ಇಲ್ಲ. ಆದರೆ ‘ಚಾಪ್ ಸೂಯ್’ ಅಂತ ಯಾಕೆ ಕರೀತಾನೆ ಅಂತ ಅವರು ಕೇಳಿದರೆ ಉತ್ತರ ಹೇಳೋಕೆ ತಯಾರಿರಿ.

ಸರಿ, ಕೊಲೆಗಾರ ಯಾರು? (ನೋಡದವರು ಮುಂದಿನ ಪ್ರಶ್ನೆಗೆ ಹಾರಿ)

ಗ್ರಾವೆಲ್ ಅಲ್ಲ. ಅವನು ಸೇಡಿಗೇ ಬಂದವನು, ಮೆಫಿಸ್ಟೊ ವೇಷ ಹಾಕಿ ರಂಗ ಏರಿದವನು, ಚಾಕು ಹಿಡಿದವನು. ಎಲ್ಲರ ಬೆರಳೂ ಅವನ ಕಡೆಗೇ. ಆದರೆ ನಿಜವಾಗಿ ಕೊಂದವಳು ರೋಷೆಲ್‌ಳ ಪ್ರಿಯಕರ ಬರೆಲ್ಲಿಯ ಹೆಂಡತಿ. ಅವಳೂ ಅದೇ ಕಂಪನಿಯ ಗಾಯಕಿ. ಗಂಡನ ಮೇಲೂ ಅವನ ಗೆಳತಿಯ ಮೇಲೂ ಇದ್ದ ಹೊಟ್ಟೆಕಿಚ್ಚು. ಹುಚ್ಚನೊಬ್ಬ ಕಟ್ಟಡದಲ್ಲಿ ಓಡಾಡುತ್ತಿರುವಾಗ ಅಪವಾದ ತನ್ನ ಮೇಲೆ ಎಲ್ಲಿ ಬರುತ್ತೆ ಅನ್ನೋದು ಅವಳ ಲೆಕ್ಕ.

ಚಾನ್ ಅವಳನ್ನು ಹಿಡಿಯುವ ಬಗೆ ಸೊಗಸಾಗಿದೆ. ಒಪೇರಾವನ್ನು ಮತ್ತೆ ಆಡಿಸುತ್ತಾನೆ. ಅದೇ ದೃಶ್ಯ, ಅದೇ ಹಾಡು, ಮೆಫಿಸ್ಟೊ ಆಗಿ ಸ್ವತಃ ಗ್ರಾವೆಲ್. ಹಾಡುತ್ತಾ ಹಾಡುತ್ತಾ ಅವನಿಗೆ ಇದು ನಾಟಕ ಅನ್ನೋದೇ ಮರೆತು ಹೋಗುತ್ತದೆ. ದುಡುಕಿನ ಪೊಲೀಸ್ ಗುಂಡು ಹಾರಿಸುತ್ತಾನೆ. ಗ್ರಾವೆಲ್ ಬೀಳುತ್ತಾನೆ, ಸಾಯುವುದಿಲ್ಲ. ಮಗಳು ಕಿಟ್ಟಿ ಅವನ ಪಕ್ಕ ಬರುತ್ತಾಳೆ. ಅಪ್ಪ ಯಾರು ಅಂತ ಗೊತ್ತಿಲ್ಲದೆ ಬೆಳೆದವಳು. ಕಿಟ್ಟಿ ಆಗಿ ಮಾಡಿದ ಶಾರ್ಲಟ್ ಹೆನ್ರಿ 1933ರ ಸಿನಿಮಾದಲ್ಲಿ ಆ್ಯಲಿಸ್ ಆಗಿ ವಿಚಿತ್ರಲೋಕಕ್ಕೆ ಹೋಗಿ ಬಂದವಳೇ.

ಇಂಥ ಸಿನಿಮಾದಲ್ಲಿ ಕೊಲೆಗಾರ ಸಿಕ್ಕ ಮೇಲೆ ಯಾರೂ ನೆನಪಲ್ಲಿ ಉಳಿಯೋದಿಲ್ಲ. ಇಲ್ಲಿ ಗ್ರಾವೆಲ್ ಉಳಿಯುತ್ತಾನೆ.

ಸಿನಿಮಾದಲ್ಲಿ ತಪ್ಪೇ ಇಲ್ವಾ?

ಬೇಕಾದಷ್ಟಿವೆ. ಕಿಟ್ಟಿ ಎಂಬ ಹುಡುಗಿಯ ಪ್ರೇಮಿಯ ಪಾತ್ರ ಮರದ ಕುರ್ಚಿಯಂತಿದೆ. ಪೊಲೀಸರು ತುಂಬಿದ ಕಟ್ಟಡದಲ್ಲಿ ಅಷ್ಟೆತ್ತರದ ಮನುಷ್ಯ ಯಾರ ಕಣ್ಣಿಗೂ ಬೀಳದೆ ಓಡಾಡುವುದನ್ನು ನಂಬೋದು ಕಷ್ಟ. ಸುಳಿವುಗಳನ್ನೆಲ್ಲ ನೋಡುವವರ ಮುಂದೆ ಇಟ್ಟಿದ್ದಾರೆ ಅಂತಲೂ ಹೇಳೋಕಾಗಲ್ಲ. ಕೊನೆಯಲ್ಲಿ ಚಾನ್ ಬಿಡಿಸಿ ಹೇಳುವಾಗ ‘ಅರೆ, ಇದು ನಮಗೆ ಯಾವಾಗ ಹೇಳಿದ್ರಿ?’ ಅನ್ನಿಸುತ್ತದೆ. ಅಷ್ಟು ಹೊತ್ತಿಗೆ ಕಾರ್ಲಾಫ್‌ನ ಮುಖ ನೋಡುತ್ತಾ ನಾವು ಅದನ್ನೆಲ್ಲ ಕ್ಷಮಿಸಿಬಿಟ್ಟಿರುತ್ತೇವೆ.

ಓಲಂಡ್ ಆಮೇಲೆ ಏನಾದ?

ಇದಾದ ಮೇಲೆ ಇನ್ನು ಮೂರು ಚಾನ್ ಸಿನಿಮಾ. ಕುಡಿತ ಅವನನ್ನು ತಿಂದು ಹಾಕಿತ್ತು. 1938ರ ಜನವರಿಯಲ್ಲಿ ಮತ್ತೊಂದು ಚಾನ್ ಸಿನಿಮಾದ ಶೂಟಿಂಗ್ ನಡುವೆಯೇ ಎದ್ದು ಹೊರಟುಹೋದ. ಕಂಪನಿ ಆ ಕಥೆಯನ್ನು ಬೀಳಲು ಬಿಡಲಿಲ್ಲ. ಮಿಸ್ಟರ್ ಮೋಟೊ ಎಂಬ ಜಪಾನೀ ಪತ್ತೇದಾರನ ಸಿನಿಮಾವಾಗಿ ಮಾರ್ಪಡಿಸಿ ಮುಗಿಸಿತು. ಇಲ್ಲೂ ಅದೇ ಉಗ್ರಾಣದ ಬುದ್ಧಿ. ಓಲಂಡ್ ಹುಟ್ಟಿದ ನಾಡಿಗೆ ಹೋದ, ಆ ಆಗಸ್ಟಿನಲ್ಲಿ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡ. ಚಾನ್ ಪಾತ್ರ ಸಿಡ್ನಿ ಟೋಲರ್‌ಗೆ ಹೋಯಿತು.

ಎಲ್ಲಿ ಸಿಗುತ್ತದೆ? ಇದು ಹಿಡಿಸಿದರೆ ಮುಂದೆ ಏನು ನೋಡಲಿ?

ಫಾಕ್ಸ್‌ನವರ ಚಾರ್ಲಿ ಚಾನ್ ಡಿವಿಡಿ ಸರಣಿಯ ಎರಡನೇ ಸಂಪುಟದಲ್ಲಿದೆ. ಸರ್ಕಸ್, ರೇಸ್ ಟ್ರ್ಯಾಕ್, ಒಲಿಂಪಿಕ್ಸ್ ಕಥೆಗಳೂ ಅದರಲ್ಲೇ. ಓಲಂಡ್‌ನ ಹದಿನಾರರಲ್ಲಿ ನಾಲ್ಕು ಕಳೆದೇ ಹೋಗಿವೆ, ಪ್ರತಿ ಉಳಿದಿಲ್ಲ.

ಒಪೇರಾ ಮನೆಯ ಕೊಲೆಗಳೇ ಬೇಕಾದರೆ 1936ರದೇ ‘ಮೂನ್‌ಲೈಟ್ ಮರ್ಡರ್’ ಇದೆ. ಅದು ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ, ಒಪೇರಾ ವರ್ದಿಯ ‘ಇಲ್ ಟ್ರೊವಟೋರೆ’. 1943ರ ಬಣ್ಣದ ‘ಫ್ಯಾಂಟಮ್ ಆಫ್ ದಿ ಒಪೇರಾ’ ಕಣ್ಣಿಗೆ ಹಬ್ಬ. ಅದರಲ್ಲಿಯೂ ಎರಡು ಒಪೇರಾಗಳನ್ನು ಶೊಪಾನ್ ಮತ್ತು ಚೈಕೋವ್‌ಸ್ಕಿಯ ರಾಗಗಳಿಂದ ಹೊಲಿದಿದ್ದಾರೆ. ಮಾರನೇ ವರ್ಷ ಅದೇ ಒಪೇರಾ ಮನೆಯ ಸೆಟ್ಟಿನಲ್ಲಿ ಕಾರ್ಲಾಫ್‌ನನ್ನು ಹಾಕಿಕೊಂಡು ‘ದಿ ಕ್ಲೈಮ್ಯಾಕ್ಸ್’ ತೆಗೆದರು.

ಚಾನ್‌ನ ಮಗ ಲೀ ಆಗಿ ಮಾಡಿದವನು ಯಾರು?

ಕೀ ಲೂಕ್. ಈ ಪ್ರಶ್ನೆ ಕೇಳುವವರು ಕಡಿಮೆ, ನನಗೆ ಇಷ್ಟ. 1904ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಹುಟ್ಟಿ ಸಿಯಾಟಲ್‌ನಲ್ಲಿ ಬೆಳೆದ. ನಟನಾಗುವ ಮುಂಚೆ ಸಿನಿಮಾ ಪ್ರಚಾರಕ್ಕೆ ಚಿತ್ರ ಬರೆಯುವ ಕಲಾವಿದ. ಈ ಸಿನಿಮಾದಲ್ಲಿ ಸುಳಿವು ಹುಡುಕೋಕೆ ಅಂತ ಲೀ ಸೈನಿಕನ ವೇಷ ಹಾಕಿಕೊಂಡು ಹಿಂಡಿನ ಜೊತೆ ರಂಗ ಏರುತ್ತಾನೆ. ಆ ಶಿರಸ್ತ್ರಾಣದ ಕೆಳಗಿನ ಪೆಚ್ಚು ಮುಖ ನೋಡಿ. ‘ಪಾಪ್’ ಅಂತ ಅಪ್ಪನನ್ನು ಕರೆಯುವ, ಅಪ್ಪಟ ಅಮೆರಿಕನ್ ಇಂಗ್ಲಿಷ್ ಆಡುವ ಹುಡುಗ. ಅಪ್ಪನ ಪಾತ್ರದ ಸ್ವೀಡನ್ನಿನವನು ಮುರುಕು ಇಂಗ್ಲಿಷ್ ಆಡಬೇಕು, ಚೀನಾದಲ್ಲಿ ಹುಟ್ಟಿದವನು ಸಲೀಸಾಗಿ ಆಡಬೇಕು! ಈ ಸಿನಿಮಾಗಳು ಚೀನೀಯರಿಗೆ ಅವಮಾನ ಅನ್ನುವ ಮಾತನ್ನು ಲೂಕ್ ಕೊನೆಯ ತನಕ ಒಪ್ಪಲಿಲ್ಲ.

1940ರಲ್ಲಿ ಕಾರ್ಲಾಫ್ ಬಿಟ್ಟ ವಾಂಗ್ ಸರಣಿಯ ಕೊನೆಯ ಸಿನಿಮಾ ‘ಫ್ಯಾಂಟಮ್ ಆಫ್ ಚೈನಾಟೌನ್’ನಲ್ಲಿ ಲೂಕ್ ತಾನೇ ಪತ್ತೇದಾರನಾದ. ಮತ್ತೆ 1972ರಲ್ಲಿ ಹ್ಯಾನಾ ಬಾರ್ಬೆರಾ ಕಂಪನಿ ಚಾನ್ ಕುಟುಂಬದ ಕಾರ್ಟೂನ್ ಮಾಡಿದಾಗ ಅಪ್ಪ ಚಾನ್‌ಗೆ ದನಿ ಕೊಟ್ಟವನು ಇವನೇ. ಆ ಸಲ ದನಿ ಚೀನೀಯನದೇ ಆಗಿತ್ತು, ಮುಖ ಮಾತ್ರ ಬರೀ ಗೆರೆ.